ಗದ್ದೆಯಲ್ಲಿ ಸಿಕ್ಕ ದೇವರು

(ಕುರಿಚಿಯಲ್ಲಿ ನಡೆದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ವಿದ್ಯಾರ್ಥಿಗಳಿಗೆ ಹಿತವಾದ ನಾಲ್ಕು ಮಾತುಗಳನ್ನು ಆಡಬೇಕೆಂದು ಈ ಸಂಘದ ಚಾಲಕರು ನಮಗೆ ಆಜ್ಞಾಪಿಸಿದಾಗ, ಯಾವ ವಿಷಯವನ್ನು ಆರಿಸಿಕೊಳ್ಳುವುದೆಂದು ನಾವು ಬಹಳ ಯೋಚಿಸಿದೆವು. ಕಡೆಗೆ ವಿಷಯವನ್ನು ಒದಗಿಸಿಕೊಟ್ಟವನು ನಮ್ಮ ಮನೆಯ ಹುಡುಗನೇ. ಒಂದು ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಅವನು, “ತಾತಾ, ದೇವರನ್ನು ನೋಡಬೇಕಾದರೆ ಎಲ್ಲಿಗೆ ಹೋಗಬೇಕು?” ಎಂದು ಕೇಳಿದನು. ದೇವಸ್ಥಾನಕ್ಕೆ ಹೋಗಬೇಕು ಎಂದು ನಾವು ಥಟ್ಟನೆ ಉತ್ತರ ಕೊಟ್ಟೆವು. ಉತ್ತರ ತಪ್ಪಾಗಿರಲಿಲ್ಲ, ಆದರೆ ಪೂರ್ತಿಯೂ ಆಗಿರಲಿಲ್ಲ. ಅದರಲ್ಲಿ ಉಳಿದುಹೋದ ಭಾಗವನ್ನು ಈ ಹೊತ್ತು ನಿಮ್ಮೆಲ್ಲರ ಮುಂದೆ ಹೇಳಬೇಕೆಂದು ಬಂದಿದ್ದೇವೆ.

ನಾವು ಕುಳಿತಿರುವ ಈ ಕುರಿಚಿಗೆ ನೊಯ್ಯಲ್ ಹೊಳೆಯ ನಂಟು ಹಳೆಯದು. ನಮ್ಮ ಕುರಿಚಿ ಕೆರೆಯನ್ನು ತುಂಬುವುದು ಆ ಹೊಳೆಯ ನೀರೇ. ಪಡುವಲಲ್ಲಿ ಮೋಡ ಮುಸುಕಿದ ವೆಳ್ಳಿಂಗಿರಿ ಬೆಟ್ಟಗಳಲ್ಲಿ ಅದು ಹುಟ್ಟುತ್ತದೆ. ಪೇರೂರನ್ನು ಬಳಸಿ, ಕೊಯಮತ್ತೂರು ತಿರುಪ್ಪೂರುಗಳನ್ನು ಹಾದು, ಮೂಡಲಲ್ಲಿ ಕಾವೇರಿಯನ್ನು ಸೇರುತ್ತದೆ. ಹಿಂದಿನವರು ಇದನ್ನು ಕಾಂಚಿ ನದಿಯೆಂದು ಕರೆದರು. ಇದರ ದಡದ ಪೇರೂರಿನಲ್ಲಿ ಪಟ್ಟೀಶ್ವರಸ್ವಾಮಿಯ ದೇವಾಲಯವಿದೆ. ನಿಮ್ಮಲ್ಲಿ ಅನೇಕರು ತಾಯ್ತಂದೆಗಳ ಕೈ ಹಿಡಿದು ಅಲ್ಲಿಗೆ ಹೋಗಿರುವಿರಿ. ಅಲ್ಲಿಯ ಕನಕಸಭೆಯ ಕಲ್ಲಿನ ಕೆತ್ತನೆಯನ್ನು ಕತ್ತೆತ್ತಿ ನೋಡಿರುವಿರಿ. ಅದೇ ದೇವಾಲಯಕ್ಕೆ ಸೇರಿದ ಒಂದು ಕಥೆಯನ್ನು ಮೊದಲು ಹೇಳುತ್ತೇವೆ.

ತಮಿಳುನಾಡಿನ ಶೈವ ಭಕ್ತರಲ್ಲಿ ಸುಂದರಮೂರ್ತಿ ನಾಯನಾರರು ಅಗ್ರಗಣ್ಯರು. ಅವರು 8ನೆಯ ಶತಮಾನದವರೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಅವರು ಕನ್ನಡಿಗರಿಗೆ ಹೊರಗಿನವರಲ್ಲ. ಅವರೇ ನಮ್ಮ ನಂಬಿಯಣ್ಣ. ಹರಿಹರ ಮಹಾಕವಿ ತನ್ನ ರಗಳೆಯೊಂದನ್ನು ಅವರಿಗಾಗಿಯೇ ಮೀಸಲಿಟ್ಟನು. ಶಿವನನ್ನು ಗೆಳೆಯನೆಂದು ಭಾವಿಸಿ, ಸಲಿಗೆಯಿಂದ ಹೊನ್ನನ್ನೂ ಬೇಡುತ್ತಿದ್ದ ಭಕ್ತರು ಅವರು.

ಪೇರೂರಿನ ಸ್ಥಳಪುರಾಣ ಹೇಳುವುದು ಹೀಗೆ. ಒಮ್ಮೆ ಸುಂದರರು ಸ್ವಾಮಿಯ ದರ್ಶನಕ್ಕಾಗಿ ಪೇರೂರಿಗೆ ಬಂದರು. ಇವರು ಬಂದರೆ ಹೊನ್ನು ಕೇಳುವರೆಂದು ಬಲ್ಲ ಸ್ವಾಮಿಯು ಒಂದು ಲೀಲೆಯನ್ನು ನಡೆಸಲು ಬಯಸಿದನು. ದೇವಿಯನ್ನು ಕರೆದುಕೊಂಡು ಗುಡಿಯನ್ನು ಬಿಟ್ಟು ಹೊರಟನು. ಹೋದುದಾದರೂ ಎಲ್ಲಿಗೆ? ಕೈಲಾಸಕ್ಕಲ್ಲ, ವೆಳ್ಳಿಂಗಿರಿಯ ಗುಹೆಗೂ ಅಲ್ಲ, ಎದುರಿನ ಗದ್ದೆಗೆ! ಕೂಲಿಯಾಳಿನ ವೇಷದಲ್ಲಿ ಸ್ವಾಮಿ, ಕೂಲಿ ಹೆಂಗಸಿನ ವೇಷದಲ್ಲಿ ದೇವಿ. ಇಬ್ಬರೂ ಕೆಸರಿನಲ್ಲಿ ನಿಂತು ನಾಟಿಯ ಕೆಲಸದಲ್ಲಿ ತೊಡಗಿದರು. ತಾನು ಹೋದ ಕಡೆಯನ್ನು ಯಾರಿಗೂ ತಿಳಿಸಬಾರದೆಂದು ನಂದಿಗೆ ಕಟ್ಟಪ್ಪಣೆಯಾಗಿತ್ತು.

ಸುಂದರರು ಗರ್ಭಗುಡಿಗೆ ಬಂದು ನೋಡಿದರೆ ಸ್ವಾಮಿಯಿಲ್ಲ. ದೇವಿಯ ಸನ್ನಿಧಿಯೂ ಬರಿದು. ಕಳವಳಗೊಂಡು ನಂದಿಯನ್ನು ಕೇಳಿದರು. ನಂದಿಗೆ ಒಂದು ಕಡೆ ಒಡೆಯನ ಆಜ್ಞೆ, ಇನ್ನೊಂದು ಕಡೆ ಭಕ್ತನ ಸಂಕಟ. ಬಾಯಿ ತೆರೆಯಲಿಲ್ಲ, ಗದ್ದೆಯ ಕಡೆಗೆ ಕಣ್ಣನ್ನು ಮಾತ್ರ ಹೊರಳಿಸಿದನು. ಸುಂದರರು ಆ ನೋಟವನ್ನು ಹಿಡಿದು ಹೊರಟು, ಕೆಸರು ಮೆತ್ತಿದ ಕೂಲಿಯಾಳುಗಳಲ್ಲಿ ತಮ್ಮ ಸ್ವಾಮಿಯನ್ನು ಗುರುತಿಸಿದರು. ಗುಟ್ಟನ್ನು ಬಿಟ್ಟುಕೊಟ್ಟುದಕ್ಕಾಗಿ ನಂದಿಗೆ ಗುದ್ದಲಿಯ ಪೆಟ್ಟು ಬಿದ್ದು ದವಡೆ ಮುರಿಯಿತೆಂದು ಹೇಳುತ್ತಾರೆ. ಇದರ ನೆನಪಿಗಾಗಿ ಪೇರೂರಿನಲ್ಲಿ ಆನಿ ಮಾಸದಲ್ಲಿ, ಎಂದರೆ ಜೂನ್–ಜುಲೈ ತಿಂಗಳುಗಳ ಸುಮಾರಿಗೆ, ನಾಟಿಯ ಉತ್ಸವವನ್ನು ಆಚರಿಸುತ್ತಾರೆ. ತಮಿಳಿನಲ್ಲಿ ಅದಕ್ಕೆ ‘ನಾತ್ತು ನಡವು’ ಎಂದು ಹೆಸರು.

ಮಕ್ಕಳೇ, ಈ ಕಥೆಯನ್ನು ನಾವು ಚಿಕ್ಕಂದಿನಲ್ಲಿ ಕೇಳಿದಾಗ, ದೇವರು ಸಾಲಗಾರನಂತೆ ಅಡಗಿಕೊಂಡನೆಂದು ನಕ್ಕಿದ್ದೆವು. ವಯಸ್ಸಾದ ಮೇಲೆ ಇನ್ನೊಂದು ಪ್ರಶ್ನೆ ಹುಟ್ಟಿತು. ಅಡಗುವುದಕ್ಕೆ ಲೋಕದಲ್ಲಿ ಎಷ್ಟೋ ಸ್ಥಳಗಳಿರುವಾಗ ಸ್ವಾಮಿಯು ನಾಟಿಯ ಗದ್ದೆಯನ್ನೇ ಏಕೆ ಆರಿಸಿದನು? ಯಾರೂ ಹುಡುಕದ ಜಾಗ ಅದೇ ಆಗಿತ್ತು ಎಂದು ನಮಗೆ ತೋರುತ್ತದೆ. ಗುಡಿಗೆ ಹೋಗುವ ಜನ ಗದ್ದೆಯ ಬದುವಿನ ಮೇಲೆಯೇ ನಡೆದು ಹೋಗುತ್ತಾರೆ. ಬಗ್ಗಿ ನಾಟಿ ಮಾಡುವವರ ಬೆನ್ನು ಅವರಿಗೆ ಕಾಣುತ್ತದೆ, ಮುಖ ಕಾಣುವುದಿಲ್ಲ. ನೂರಾರು ಭಕ್ತರ ಕಣ್ಣಿಗೆ ಬೀಳದೆ ಇರಬೇಕಾದರೆ ಕೂಲಿಯಾಳಿನ ವೇಷಕ್ಕಿಂತ ಭದ್ರವಾದ ಮರೆ ಇನ್ನಾವುದುಂಟು? ಈ ಕಥೆಯನ್ನು ಕಟ್ಟಿದ ಹಿರಿಯರು ದೇವರ ಲೀಲೆಯನ್ನು ಹೇಳುವ ನೆಪದಿಂದ ನಮ್ಮ ಕುರುಡನ್ನು ತೋರಿಸಿಕೊಟ್ಟಿದ್ದಾರೆ.

ಇನ್ನೂ ಒಂದು ಮಾತುಂಟು. ನಾಟಿಯ ಕೆಲಸವನ್ನು ನಾಳೆಗೆಂದು ತಳ್ಳುವಂತಿಲ್ಲ. ಸಸಿಮಡಿಯಿಂದ ಕಿತ್ತ ಪೈರಿನ ಬೇರು ಬಿಸಿಲಿಗೆ ಒಣಗುವುದರೊಳಗಾಗಿ ಅದನ್ನು ಕೆಸರಿನಲ್ಲಿ ನೆಡಬೇಕು. ಒಂದೊಂದು ಹಿಡಿಯನ್ನೂ ಬಿಡಿಸಿ, ಅಳತೆಯಿಟ್ಟಂತೆ ಅಂತರ ಬಿಟ್ಟು ಊರಬೇಕು. ಇಂದು ನೆಟ್ಟವರ ಕೈಗೆ ಅನ್ನ ಬರುವುದು ತಿಂಗಳುಗಳು ಕಳೆದ ಮೇಲೆ; ಅದೂ ಬಹುಮಟ್ಟಿಗೆ ಬೇರೆಯವರ ಎಲೆಗೆ. ಹೊತ್ತಿಗೆ ಸರಿಯಾಗಿ, ಬೇರೆಯವರ ಹಸಿವಿಗಾಗಿ, ಬೆನ್ನು ಬಗ್ಗಿಸಿ ಮಾಡುವ ಕೆಲಸದಲ್ಲಿ ಪುರಾಣ ದೇವರನ್ನು ನಿಲ್ಲಿಸಿತು. ಅದು ಸುಮ್ಮನೆ ನಿಲ್ಲಿಸಿದುದಲ್ಲ.

ಈಗ ನಮ್ಮ ಕನ್ನಡ ಜನರ ಕಡೆಗೆ ತಿರುಗೋಣ. ಈ ಕೊಂಗುನಾಡಿನಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದವರಲ್ಲಿ ಒಕ್ಕಲುತನ ಮಾಡುವವರಿದ್ದಾರೆ. ಮಗ್ಗವನ್ನು ನಂಬಿ ಬಾಳಿದ ದೇವಾಂಗದವರೂ ಇದ್ದಾರೆ. 1799ರವರೆಗೆ ಈ ಸೀಮೆಯು ಮೈಸೂರಿನ ಆಳ್ವಿಕೆಗೆ ಒಳಪಟ್ಟಿದ್ದುದನ್ನು ನೀವು ಚರಿತ್ರೆಯಲ್ಲಿ ಓದಿರುವಿರಿ. ರಾಜ್ಯಗಳು ಹೋದುವು, ಗಡಿಗಳು ಬದಲಾದುವು. ಮಗ್ಗದ ಸದ್ದಿನ ನಡುವೆ ಮಾತು ಮಾತ್ರ ಉಳಿಯಿತು. ನೆಲದಲ್ಲಿ ಗುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು, ಹಗಲೆಲ್ಲ ಲಾಳಿಯನ್ನು ಆಡಿಸುತ್ತಿದ್ದ ಹಿರಿಯರು ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಇದ್ದಿರಬೇಕು.

ನೇಯ್ಗೆಯವರು ಗೌರವಿಸುವ ಶರಣ ದೇವರ ದಾಸಿಮಯ್ಯ. ಬಸವಣ್ಣನವರಿಗಿಂತ ಹಿಂದಿನ ವಚನಕಾರನೀತ, ಮುದನೂರಿನವನು, ಕಸುಬಿನಲ್ಲಿ ನೇಕಾರ. ಅವನ ವಿಷಯವಾಗಿ ಹೇಳುವ ಕಥೆಯೊಂದು ಪೇರೂರಿನ ಕಥೆಗೆ ಜೋಡಿಯಾಗಿ ನಿಲ್ಲುತ್ತದೆ. ದಾಸಿಮಯ್ಯನು ಬಹುದಿನ ಶ್ರಮಪಟ್ಟು ಒಂದು ವಸ್ತ್ರವನ್ನು ನೇಯ್ದನು. ಮಾರುವುದಕ್ಕೆ ಹೊರಟಾಗ ಮುದುಕನಾದ ಜಂಗಮನೊಬ್ಬನು ಎದುರಾಗಿ ಅದನ್ನು ಬೇಡಿದನು. ಕೊಟ್ಟನು. ಕೊಟ್ಟ ಕೂಡಲೇ ಆ ಮುದುಕನು ವಸ್ತ್ರವನ್ನು ಚೂರು ಚೂರಾಗಿ ಹರಿದುಹಾಕಿದನು! ದಾಸಿಮಯ್ಯನು ಕೋಪಿಸಿಕೊಳ್ಳಲಿಲ್ಲ; ಅವನನ್ನು ಮನೆಗೆ ಕರೆದೊಯ್ದನು. ಮಡದಿ ದುಗ್ಗಳೆಯೂ ಆದರದಿಂದ ಉಪಚರಿಸಿದಳು. ಬಂದವನು ಶಿವನೇ ಆಗಿದ್ದು, ಎಂದಿಗೂ ಬರಿದಾಗದ ತವನಿಧಿಯನ್ನು ಕೊಟ್ಟನೆಂದು ಕಥೆ ಮುಗಿಯುತ್ತದೆ.

ಇಲ್ಲಿ ನಾವು ಗಮನಿಸಬೇಕಾದುದು ತವನಿಧಿಯನ್ನಲ್ಲ. ಬಂದವನು ಶಿವನೆಂದು ತಿಳಿದಿದ್ದರೆ ಯಾರು ತಾನೇ ಬಟ್ಟೆ ಕೊಡುವುದಿಲ್ಲ? ತಿಳಿಯದೆ ಇದ್ದಾಗ ಕೊಟ್ಟುದರಲ್ಲಿ, ಹರಿದುಹಾಕಿದಾಗಲೂ ಬಾಗಿಲನ್ನು ಮುಚ್ಚದೆ ಇದ್ದುದರಲ್ಲಿ ದಾಸಿಮಯ್ಯನ ಹಿರಿಮೆಯಿದೆ. ಸುಂದರರು ದೇವರನ್ನು ಹುಡುಕಿಕೊಂಡು ಹೋಗಿ ಗದ್ದೆಯಲ್ಲಿ ಕಂಡರು. ದಾಸಿಮಯ್ಯನು ತನ್ನ ಬದುಕಿನ ದಾರಿಯಲ್ಲಿ ನಡೆಯುತ್ತಿದ್ದಾಗ ದೇವರೇ ಎದುರಾದನು. ಎರಡು ಕಥೆಗಳಲ್ಲಿಯೂ ದೇವರು ಬಡವರ ಉಡುಪಿನಲ್ಲಿಯೇ ಬಂದನು.

ಪುರಾಣದ ಮಾತು ಇಷ್ಟಾಯಿತು. ಈಗ ನಮ್ಮದೇ ಒಂದು ಅನುಭವವನ್ನು ಹೇಳಬೇಕು. ಹೇಳುವುದಕ್ಕೆ ಸಂಕೋಚವಾಗುತ್ತದೆ, ಆದರೂ ನಿಮ್ಮ ಮುಂದೆ ಮುಚ್ಚಿಡುವುದು ಸರಿಯಲ್ಲ.

ಕೆಲವು ವರ್ಷಗಳ ಹಿಂದೆ ವಿನಾಯಕ ಚೌತಿಯಲ್ಲಿ ನಮ್ಮ ಬೀದಿಯವರೆಲ್ಲ ಕೂಡಿ ಗಣಪತಿಯನ್ನು ಕೂರಿಸಿದ್ದೆವು. ಮೂರ್ತಿ ಅಲುಗದಿರಲೆಂದು ಅದರ ಪೀಠವನ್ನು ದಪ್ಪ ಹಲಗೆಯೊಂದಕ್ಕೆ ಉದ್ದನೆಯ ಮೊಳೆಗಳಿಂದ ಬಿಗಿಸಿದ್ದೆವು. ಹಲಗೆಯ ಅಂಚಿನ ಮೇಲೆ ನಮ್ಮ ಮೊಮ್ಮಗನು ಬಿಳಿಯ ಬಣ್ಣದಿಂದ ಬೀದಿಯ ಹೆಸರನ್ನು ಬರೆದಿದ್ದನು. ಪೂಜೆ ಮುಗಿದು, ಮೇಳ ತಾಳಗಳೊಡನೆ ಮೂರ್ತಿಯನ್ನು ಇದೇ ಕುರಿಚಿ ಕೆರೆಗೆ ತಂದು ವಿಸರ್ಜಿಸಿ, ದೇವಕಾರ್ಯ ಸಾಂಗವಾಯಿತೆಂಬ ಸಂತೋಷದಿಂದ ಮನೆಗೆ ಮರಳಿದೆವು.

ಅದಾದ ಮರುದಿನ ಬೆಳಿಗ್ಗೆ ಮೊಮ್ಮಗನೊಡನೆ ಕೆರೆಯ ಏರಿಯ ಮೇಲೆ ನಡೆದಾಡುವುದಕ್ಕೆ ಹೋದೆವು. ಹಿಂದಿನ ದಿನದ ಗದ್ದಲವಿಲ್ಲ. ನಗರಪಾಲಿಕೆಯ ಕೆಲಸದವರು ಕೆಲವರು ನೀರಿನಲ್ಲಿ ಇಳಿದು, ಕರಗದೆ ಉಳಿದ ಮೂರ್ತಿಗಳ ತುಂಡುಗಳನ್ನೂ, ಕೊಳೆತ ಹಾರಗಳನ್ನೂ, ಬಿದಿರು ಹಲಗೆಗಳನ್ನೂ ಎಳೆದು ದಡಕ್ಕೆ ಹಾಕುತ್ತಿದ್ದರು. ಅವರಲ್ಲಿ ನಡುವಯಸ್ಸು ದಾಟಿದ ಒಬ್ಬ ತಾಯಿ ದಡದ ಮೇಲೆ ಕುಳಿತು, ಕೈಯಲ್ಲೊಂದು ಕಲ್ಲು ಹಿಡಿದು ಹಲಗೆಯೊಂದನ್ನು ಕುಟ್ಟುತ್ತಿದ್ದರು. ಅವರ ಅಂಗಾಲಿನಿಂದ ರಕ್ತ ಹರಿಯುತ್ತಿತ್ತು. ಹತ್ತಿರ ಹೋಗಿ ನೋಡಿದರೆ, ಹಲಗೆಯ ಅಂಚಿನಲ್ಲಿ ನಮ್ಮ ಬೀದಿಯ ಹೆಸರು! ನಾವು ಭಕ್ತಿಯಿಂದ ಹೊಡೆದ ಮೊಳೆ ಅವರ ಕಾಲಿಗೆ ಹೊಕ್ಕಿತ್ತು.

“ಅಮ್ಮಾ, ಮೊದಲು ಕಾಲು ತೊಳೆದು ಕಟ್ಟಿಕೊಳ್ಳಿ. ಆ ಹಲಗೆಗೆ ಈಗ ಏನು ಅವಸರ?” ಎಂದು ನಾವು ತಮಿಳಿನಲ್ಲಿ ಕೇಳಿದೆವು. ಅವರು ತಲೆಯೆತ್ತದೆ, “ಇನ್ನೂ ಎರಡು ಮೊಳೆ ಇವೆ ಅಯ್ಯಾ. ನನ್ನ ಹಿಂದೆ ಬರುವವರೂ ಬರಿಗಾಲಲ್ಲೇ ಬರುತ್ತಾರೆ” ಎಂದರು.

ನಾವು ನಿಂತಲ್ಲಿಯೇ ನಿಂತೆವು. ಅಷ್ಟರಲ್ಲಿ ಮೊಮ್ಮಗನು ನಮ್ಮ ಪಂಚೆಯನ್ನು ಜಗ್ಗಿ, ಕನ್ನಡದಲ್ಲಿ, “ತಾತಾ, ಓದದೆ ಇದ್ದರೆ ಹೀಗಾಗುತ್ತೀಯೆ ಎಂದು ನೀವು ಹೇಳಿದ್ದುದು ಇವರನ್ನೇ ಅಲ್ಲವೆ?” ಎಂದು ಕೇಳಿಬಿಟ್ಟನು. ಮಹನೀಯರೇ, ಹುಡುಗನು ಸುಳ್ಳಾಡಲಿಲ್ಲ. ಒಂದು ವಾರದ ಹಿಂದೆ ಅವನು ಲೆಕ್ಕವನ್ನು ತಪ್ಪು ಮಾಡಿದಾಗ, ಬೀದಿ ಗುಡಿಸುತ್ತಿದ್ದವರ ಕಡೆಗೆ ಬೆರಳು ಮಾಡಿ ನಾವು ಅದೇ ಮಾತನ್ನು ಆಡಿದ್ದೆವು. ಆ ತಾಯಿಗೆ ಕನ್ನಡ ತಿಳಿಯದಿರಲಿ ಎಂದು ಆ ಕ್ಷಣದಲ್ಲಿ ನಾವು ದೇವರನ್ನು ಪ್ರಾರ್ಥಿಸಿದೆವು.

ದೇವರು ಆ ಪ್ರಾರ್ಥನೆಯನ್ನು ನಡೆಸಿಕೊಡಲಿಲ್ಲ. ಅವರು ತಲೆಯೆತ್ತಿ ನೋಡಿದರು. ತಮಿಳು ಬೆರೆತ ನಮ್ಮ ಸೀಮೆಯ ಕನ್ನಡದಲ್ಲಿಯೇ, “ಹೌದು ಸಾಮಿ, ನಾನು ಓದಲಿಲ್ಲ. ನೀನು ಓದು. ಓದಿ, ಹಲಗೆಯ ಮೊಳೆ ಕಿತ್ತು ಕೆರೆಗೆ ಬನ್ನಿ ಎಂದು ದೊಡ್ಡವರಿಗೆಲ್ಲ ಬರೆದು ಹೇಳು” ಎಂದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಮಗೆ ಎಷ್ಟೋ ಸುಲಭವಾಗುತ್ತಿತ್ತು.

ಈ ಕೊಂಗುನಾಡಿನಲ್ಲಿ ಹಿರಿಯರು ಮಕ್ಕಳನ್ನು ಮುದ್ದಿನಿಂದ ‘ಸಾಮಿ’ ಎಂದು ಕರೆಯುವುದು ರೂಢಿ. ಅದೇ ಮಾತು ದೇವರಿಗೂ ಸಲ್ಲುತ್ತದೆ. ನಾವು ಹಿಂದಿನ ದಿನ ಸಾಮಿಯೆಂದು ಹೊತ್ತು ತಂದುದನ್ನು ನೀರಿಗೆ ಹಾಕಿ ಹಿಂದಿರುಗಿ ನೋಡದೆ ಹೋಗಿದ್ದೆವು. ನಮ್ಮ ಮೊಳೆಯಿಂದ ನೊಂದ ಆ ತಾಯಿ, ತಮ್ಮನ್ನು ನೋಯಿಸಿದ ಹುಡುಗನನ್ನೇ ಸಾಮಿಯೆಂದು ಕರೆದರು. ಕೆರೆಯ ದಡದಲ್ಲಿ ಆ ಬೆಳಿಗ್ಗೆ ಪೂಜೆ ಯಾರು ಮಾಡಿದರು, ಪೂಜೆ ಯಾವುದು ಎಂಬುದು ನಮಗೆ ಆಗ ತಿಳಿಯಿತು.

ಅವರ ಕಾಲನ್ನು ತೊಳೆದು ನಮ್ಮ ಕರವಸ್ತ್ರದಿಂದ ಕಟ್ಟಿ, ವೈದ್ಯರಲ್ಲಿಗೆ ಕರೆದೊಯ್ದು ಚುಚ್ಚುಮದ್ದು ಹಾಕಿಸಿದೆವು. ಅವರ ಹೆಸರನ್ನು ಮಾತ್ರ ಕೇಳಲು ಮರೆತೆವು. ನಾಲ್ಕು ದಿನ ಬಿಟ್ಟು ಹುಡುಕಿಕೊಂಡು ಹೋದಾಗ, ಅವರನ್ನು ಬೇರೆ ಕಡೆಯ ಕೆಲಸಕ್ಕೆ ಹಾಕಿದ್ದಾರೆಂದು ಗೊತ್ತಾಯಿತು. ಹೆಸರು ಕೇಳದಿದ್ದುದು ನಮ್ಮ ದೋಷವೇ. ಎದುರಿಗಿದ್ದವರ ಮುಖವನ್ನು ನೋಡುವ ಅಭ್ಯಾಸ ಒಂದೇ ಬೆಳಿಗ್ಗೆಯಲ್ಲಿ ಬರುವುದಿಲ್ಲ.

ಇಷ್ಟನ್ನು ಹೇಳಿ, ಎಲ್ಲ ಕೆಲಸವೂ ಪವಿತ್ರವೆಂದು ಕೈಮುಗಿದು ಕುಳಿತರೆ ಸಾಕೆ? ಸಾಲದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆಲಸವನ್ನು ಪವಿತ್ರವೆಂದು ಹೊಗಳಿ, ಕೆಲಸ ಮಾಡುವವರನ್ನು ಬರಿಗಾಲಲ್ಲಿ ಬಿಡುವುದು ಭಕ್ತಿಯಲ್ಲ, ವಂಚನೆ. ಹೊಗಳಿಕೆಯು ಕೂಲಿಗೆ ಬದಲಾಗಲಾರದು, ಪಾದರಕ್ಷೆಗೂ ಬದಲಾಗಲಾರದು. ಮನುಷ್ಯರು ಮನುಷ್ಯರ ಮಲವನ್ನು ಕೈಯಿಂದ ತೆಗೆಯುವ ಹೀನ ಪದ್ಧತಿಯನ್ನು ನಮ್ಮ ದೇಶ 2013ರ ಕಾನೂನಿನಿಂದ ಮತ್ತೊಮ್ಮೆ ಕಟ್ಟುನಿಟ್ಟಾಗಿ ನಿಷೇಧಿಸಬೇಕಾಯಿತು. ಪುರಾಣಗಳು ಕೊಂಡಾಡಿದ ಈ ನೊಯ್ಯಲಿಗೆ ಬಣ್ಣದ ನೀರು ಹರಿದು ಹರಿದು, 2011ರಲ್ಲಿ ಮದ್ರಾಸಿನ ಉಚ್ಚ ನ್ಯಾಯಾಲಯವು ತಿರುಪ್ಪೂರಿನ ಬಣ್ಣ ಹಾಕುವ ಕಾರ್ಖಾನೆಗಳನ್ನು ಮುಚ್ಚಿಸಬೇಕಾಯಿತು. ಪವಿತ್ರವೆಂದು ಬಾಯಲ್ಲಿ ಹೇಳುವುದಕ್ಕೂ ಪವಿತ್ರವೆಂದು ನಡೆದುಕೊಳ್ಳುವುದಕ್ಕೂ ಇರುವ ದೂರವನ್ನು ಇವು ತೋರಿಸುತ್ತವೆ. ಪೇರೂರಿನ ಕೂಲಿಯಾಳನ್ನು ದೇವರೆಂದು ಗುರುತಿಸಿದ ಮೇಲೆ, ಆ ಕೂಲಿಯಾಳಿಗೆ ಸರಿಯಾದ ಕೂಲಿ ಕೊಡದೆ ಇರುವುದು ಹೇಗೆ ಸಾಧ್ಯ?

ವಿದ್ಯಾರ್ಥಿಗಳೇ, ನಿಮಗೊಂದು ಮಾತು. ಈ ಕುರಿಚಿಯಲ್ಲಿಯೂ ಸುತ್ತಮುತ್ತಲೂ ಮೋಟಾರು, ಪಂಪು, ರುಬ್ಬುವ ಯಂತ್ರಗಳನ್ನು ತಯಾರಿಸುವ ಎಷ್ಟೋ ಕಾರ್ಖಾನೆಗಳಿವೆ. ನಿಮ್ಮಲ್ಲಿ ಹಲವರ ತಂದೆಯವರು ಲೇತು ಯಂತ್ರದ ಮುಂದೆ ನಿಂತು ಕಬ್ಬಿಣವನ್ನು ಕಡೆಯುತ್ತಾರೆ. ಕೆಲವರ ತಾಯಂದಿರು ನೂಲಿನ ಗಿರಣಿಗೆ, ಹೊಲಿಗೆಯ ಕೆಲಸಕ್ಕೆ, ಬೇರೆಯವರ ಮನೆಯ ಪಾತ್ರೆ ತೊಳೆಯುವುದಕ್ಕೆ ಹೋಗುತ್ತಾರೆ. ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಸಾಲು ಬಂದಾಗ ಲೇಖನಿಯನ್ನು ಎತ್ತಿ ಹಿಡಿದು ಅಕ್ಕಪಕ್ಕ ನೋಡುವ ಹುಡುಗರನ್ನು ನಾವು ಕಂಡಿದ್ದೇವೆ. ನಾಚಬೇಡಿರಿ. ಇದ್ದುದನ್ನು ಇದ್ದಂತೆ, ದುಂಡಾದ ಅಕ್ಷರಗಳಲ್ಲಿ ಬರೆಯಿರಿ. ದೇವರೇ ಒಮ್ಮೆ ಆ ಸಾಲಿನಲ್ಲಿ ‘ಗದ್ದೆಯ ಕೂಲಿ’ ಎಂದು ಬರೆಯಬೇಕಾಗಿತ್ತೆಂಬುದನ್ನು ನೆನಪಿಡಿರಿ. ಚೆನ್ನಾಗಿ ಓದಿರಿ, ಆದರೆ ತಾಯ್ತಂದೆಗಳಿಂದ ದೂರ ಓಡುವುದಕ್ಕಾಗಿ ಓದಬೇಡಿರಿ. ಅವರ ದಾರಿಯಲ್ಲಿರುವ ಮೊಳೆಗಳನ್ನು ಕೀಳುವುದಕ್ಕಾಗಿ ಓದಿರಿ.

ತಾಯ್ತಂದೆಗಳಲ್ಲಿಯೂ ಒಂದು ಬಿನ್ನಹ. ಮಕ್ಕಳನ್ನು ಓದಿಸಬೇಕೆಂಬ ಆತುರದಲ್ಲಿ, ದುಡಿಯುವವರ ಕಡೆಗೆ ಬೆರಳು ಮಾಡಿ ಹೆದರಿಸಬೇಡಿರಿ. ಆ ಬೆರಳು ಕಲಿಸುವ ಪಾಠವನ್ನು ಮತ್ತೆ ಮರೆಸುವುದು ಬಹು ಕಷ್ಟ. ನಾವು ಬಲ್ಲೆವು, ನಾವು ಪಟ್ಟ ಪಾಡದು. ತೋರಿಸಲೇಬೇಕಾದರೆ ಪೇರೂರಿನ ನಂದಿ ತೋರಿಸಿದಂತೆ ತೋರಿಸಿರಿ: “ಅಲ್ಲಿ ನೋಡು, ನೀನು ಹುಡುಕುವುದು ಅಲ್ಲಿದೆ” ಎಂದು. ಹಾಗೆ ತೋರಿಸಿದವರಿಗೆ ಕೆಲವೊಮ್ಮೆ ಪೆಟ್ಟು ಬೀಳುತ್ತದೆ. ನಾಲ್ಕು ಜನ ನಗುತ್ತಾರೆ. ಬೀಳಲಿ, ನಗಲಿ. ದವಡೆ ಮುರಿದ ನಂದಿಯ ಮುಂದೆಯೂ ಜನ ಕೈಮುಗಿಯುತ್ತಾರೆ.

ಆ ಹಲಗೆಯನ್ನು ನಾವು ಮನೆಗೆ ಹೊತ್ತು ತಂದೆವು. ಒಳ್ಳೆಯ ಮರ, ಬಿಸಾಡುವಂಥದಲ್ಲ. ಈಗ ನಮ್ಮ ಮೊಮ್ಮಗನು ಅದರ ಮೇಲೆ ಪುಸ್ತಕಗಳನ್ನಿಟ್ಟುಕೊಂಡು ಓದುತ್ತಾನೆ. ಮೊಳೆ ಕಿತ್ತ ಜಾಗದಲ್ಲಿ ತೂತುಗಳು ಹಾಗೆಯೇ ಇವೆ. ತುಂಬಿಸಬಾರದೆಂದು ಅವನೇ ಹಟ ಹಿಡಿದನು. ಮರುವರ್ಷದಿಂದ ನಮ್ಮ ಬೀದಿಯಲ್ಲಿ ಬಣ್ಣವಿಲ್ಲದ ಹಸಿಮಣ್ಣಿನ ಗಣಪತಿಯನ್ನು ಕೂರಿಸುತ್ತೇವೆ. ಪೀಠವನ್ನು ಹಗ್ಗದಿಂದ ಕಟ್ಟುತ್ತೇವೆ, ಮೊಳೆ ಹೊಡೆಯುವುದಿಲ್ಲ. ವಿಸರ್ಜನೆಯಾದ ಬಳಿಕ ಹಲಗೆಯನ್ನೂ ಹಾರಗಳನ್ನೂ ಹಿಂದಕ್ಕೆ ತರುತ್ತೇವೆ. ಅದನ್ನು ತಿಳಿಸುವ ಕಾಗದವನ್ನು ಹುಡುಗನೇ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬರೆದು ಮನೆಮನೆಗೂ ಹಂಚುತ್ತಾನೆ. ಆ ತಾಯಿ ಹೇಳಿದಂತೆಯೇ ಆಯಿತು.

“ದೇವರನ್ನು ನೋಡಬೇಕಾದರೆ ಎಲ್ಲಿಗೆ ಹೋಗಬೇಕು?” ಎಂದು ಅವನು ಈಗ ಕೇಳಿದರೆ ನಮ್ಮ ಉತ್ತರ ಹೀಗಿದ್ದೀತು: ಮಗೂ, ದೇವಸ್ಥಾನಕ್ಕೆ ಹೋಗು. ಹೋಗುವಾಗ ಗದ್ದೆಯ ಬದುವಿನ ಮೇಲೆ ಸ್ವಲ್ಪ ನಿಧಾನವಾಗಿ ನಡೆ. ಬಗ್ಗಿದವರು ತಲೆಯೆತ್ತುವವರೆಗೂ ನಿಲ್ಲು. ಅವರ ಹೆಸರನ್ನು ಕೇಳು.